ಕೆಲಸ ಒಂದು: ಮುಂದಿನ ತಾರೀಖು ಹುಡುಕಿ

ಕಲಬುರಗಿ ಜಿಲ್ಲಾ ಕೋರ್ಟಿನ ಎದುರು, ಅಣವೀರನ ಝೆರಾಕ್ಸ್ ಅಂಗಡಿ.
ಒಂದು ಸ್ಟೂಲು ನನ್ನದು, ಒಂದು ಅವಳದು,
ನಡುವೆ ಬಾಡಿಗೆಯ ಲ್ಯಾಪ್‌ಟಾಪು.
ಏಪ್ರಿಲ್. ಶಹಾಬಾದ ಪರಸಿಯ ಮೆಟ್ಟಿಲು
ಚಪ್ಪಲಿಯೊಳಗಿಂದಲೇ ಕಾಲು ಹುರಿಯುವ ಹೊತ್ತು.
ನನ್ನ ಹಾಳೆಯ ಮೊದಲ ನಿಯಮ:
ಸಹಾಯ ಮಾಡಬಾರದು. ಬೆರಳು ತೋರಿಸಬಾರದು.
ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗೀಟು ಹಾಕಿ
ಸುಮ್ಮನಿರಬೇಕು.

ಜಗದೇವಿ. ವಯಸ್ಸು ಐವತ್ತೊಂದು. ನಾಲ್ಕನೇ ಇಯತ್ತೆ.
ಸೂಪರ್ ಮಾರ್ಕೆಟ್ ಹಿಂದೆ ಸುಸಲಾ, ಮಿರ್ಚಿ ಗಾಡಿ.
ಅಪ್ಪನ ಕಲ್ಲಿನ ಖಣಿಯಲ್ಲಿ ಪಾಲು ಕೇಳಿದ ದಾವೆಗೆ ಆರು ವರ್ಷ;
ನಂಬರು ಬಾಯಲ್ಲೇ ಇದೆ, ಗಿರಾಕಿಗಳ ಉದ್ದರಿಯ ಹಾಗೆ.
'ತಾರೀಖ್ ನೋಡೂದಷ್ಟೇ ಅಲ್ರಿ ಬಾಯರ? ನೋಡ್ತೀನ್ರಿ.'
ಗಡಿಯಾರ ಒತ್ತಿದೆ.

ಮೊದಲು ಕನ್ನಡ ಎಂಬ ಗುಂಡಿ ಒತ್ತಿದಳು.
ನೆತ್ತಿಯ ಫಲಕ ಕನ್ನಡವಾಯಿತು, ಒಡಲು ಆಗಲಿಲ್ಲ.
'ತಲಿಗಷ್ಟೇ ಸೆರಗ ಹೊಚ್ಯಾರ ನೋಡ್ರಿ' ಎಂದಳು.
ಗೀಟು ಹಾಕಿದೆ. ಅಂಚಿನಲ್ಲಿ ಆ ಮಾತನ್ನೂ ಬರೆದುಕೊಂಡೆ.

ಎಡಕ್ಕೆ ಓಡುವ ಅಕ್ಷರಗಳ ಸಾಲು, ನೇಮಕಾತಿ, ಟೆಂಡರು,
ಮುರಿದ ಕುರ್ಚಿಗಳ ಹರಾಜು;
ಅದರ ಬೆನ್ನು ಹತ್ತಿ ಅವಳ ಬೆರಳು ಎರಡು ಸಲ ತಪ್ಪಿತು.
ದಾವೆಯ ಬಗೆ ಆರಿಸಿ ಎಂದಲ್ಲಿ ಎಂಬತ್ತು ಬಗೆ,
ಒಂದರ ಮೇಲೊಂದು ಪೇರಿಸಿಟ್ಟ ಮೊಟಕು ಅಕ್ಷರ.
'ಇದರಾಗ ನಂದ್ಯಾವ್ದು? ಜಗಳಕ್ಕ ಇಷ್ಟ್ ಜಾತಿ ಅದಾವೇನ್ರಿ?'

ಬಿಟ್ಟಳು. ಹೆಸರಿನ ದಾರಿಗೆ ಬಂದಳು.
ಜಗದೇವಿ ಅಂತ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?
ಗ ಆದ ಮೇಲೆ ಎ ಬರುತ್ತದೋ, ಇಲ್ಲವೋ.
ರೇಷನ್ ಕಾರ್ಡಿನಲ್ಲಿ ಇದೆ, ಆಧಾರಿನಲ್ಲಿ ಇಲ್ಲ,
ಆರು ವರ್ಷದ ಹಿಂದೆ ವಕೀಲರ ಟೈಪಿಸ್ಟ್ ಯಾವುದನ್ನು ನಂಬಿದನೋ.
ದಾಖಲೆ ಸಿಗಲಿಲ್ಲ.
ದಾಖಲೆ ಸಿಗಲಿಲ್ಲ.
ಪ್ರತಿ ಸಲವೂ ಸೊಟ್ಟ ಅಕ್ಷರಗಳ ಹೊಸ ಚಿತ್ರ,
ಮನುಷ್ಯಳೆಂದು ರುಜುವಾತು ಮಾಡು ಎನ್ನುವ ಚಿತ್ರ;
ಕನ್ನಡಕ ಒರೆಸಿಕೊಂಡು ಸೊನ್ನೆಯನ್ನು ಓ ಅಂದಳು,
ಓ ಅನ್ನು ಸೊನ್ನೆ ಅಂದಳು.
ಮೇಜಿನ ಕೆಳಗೆ ನನ್ನ ಬೆರಳು
ಸರಿಯಾದದ್ದನ್ನು ಗಾಳಿಯಲ್ಲಿ ಒತ್ತುತ್ತಿತ್ತು.

ಕರೆಂಟು ಹೋಯಿತು.
ಝೆರಾಕ್ಸ್ ಮಷೀನು ಯಾರದೋ ವಕಾಲತ್ತನ್ನು ಅರ್ಧ ಕಚ್ಚಿ ನಿಂತಿತು.
ಇದಕ್ಕೆ ಗಡಿಯಾರ ನಿಲ್ಲಿಸಬೇಕೋ ಬೇಡವೋ, ಹಾಳೆಯಲ್ಲಿ ಇಲ್ಲ.
ನಿಲ್ಲಿಸಲಿಲ್ಲ.
ಅವಳು ಸೆರಗಿನಿಂದ ಇಬ್ಬರಿಗೂ ಗಾಳಿ ಹಾಕಿದಳು.

ಹದಿನೇಳನೇ ನಿಮಿಷಕ್ಕೆ, ಎ ಇಲ್ಲದ ಜಗದೇವಿ ಸಿಕ್ಕಳು.
ಹಸಿರು ಅಕ್ಷರದಲ್ಲಿ ಒಂದು ಇಂಗ್ಲಿಷ್ ಪದ.
'ಹಸರ್ ಅದ. ಚಲೋನೇ ಇರ್ಬೇಕಲ್ರಿ?'
ನಾನು ಆಗಲೇ ಓದಿದ್ದೆ. ಮುಂದಿನ ತಾರೀಖಿನ ಮನೆ ಖಾಲಿ.
ವಾದಿ ಗೈರು. ದಾವೆ ವಜಾ. ಮಾರ್ಚ್ ಇಪ್ಪತ್ತು.
ನಿಯಮದ ಹಾಳೆಯನ್ನು ಮಗುಚಿಟ್ಟೆ,
ಹೇಳಿದೆ.

'ಗೈರಾ? ಬರೂದ್ ಬ್ಯಾಡ, ನಾ ಫೋನ್ ಹಚ್ತೀನಿ ಅಂದಿದ್ರು ವಕೀಲ್ರು.
ಅವತ್ತ್ ಶುಕ್ರವಾರ. ಎರಡ್ ಕಿಲೋ ಮೆಣಸಿನಕಾಯಿ ಸೀಳೀನ್ರಿ ನಾ, ಎರಡ್ ಕಿಲೋ.'

ಅಣವೀರ ವಕೀಲನಲ್ಲ,
ಇಪ್ಪತ್ತು ವರ್ಷ ವಕೀಲರ ಕಾಗದ ನಕಲು ಮಾಡಿದವನು;
ಕೌಂಟರಿನಾಚೆ ಬೆರಳು ಮಡಚಿ ಎಣಿಸಿದ:
'ಮೂವತ್ತ್ ದಿನದಾಗ ಮತ್ತ ಎಬ್ಬಸ್ಲಾಕ ಬರ್ತದ ಅಕ್ಕಾ.
ಇವತ್ತಿಗಿ ಇಪ್ಪತ್ತಾರು.'

ಅರ್ಜಿಯ ನಮೂನೆ ಆ ತಾಣದಲ್ಲೇ ಇತ್ತು, ಅಡ್ಡಡ್ಡ ಸ್ಕ್ಯಾನ್ ಆಗಿ.
ಮೂವರೂ ಕತ್ತು ಹೊರಳಿಸಿ ಓದಿದೆವು,
ಸಾಕಾಗಿ ಲ್ಯಾಪ್‌ಟಾಪನ್ನೇ ನೆಟ್ಟಗೆ ನಿಲ್ಲಿಸಿದೆವು, ಪುಸ್ತಕದ ಹಾಗೆ.

ಕೊನೆಯ ಪ್ರಶ್ನೆ ಉಳಿದಿತ್ತು. ನಾಚಿಕೆಯಾಯಿತು, ಆದರೂ ಕೇಳಿದೆ:
ಈ ತಾಣ ನಿಮಗೆ ಎಷ್ಟು ಸುಲಭ, ಒಂದರಿಂದ ಐದು?
ಪಿಶವಿಯ ಬಾಯಿ ಬಿಗಿಯುತ್ತ, ಕಾಲಿನಲ್ಲೇ ಚಪ್ಪಲಿ ಹುಡುಕುತ್ತ
'ಐದ್ ಹಾಕ್ರಿ. ನಿಮ್ಮ್ ಪಗಾರ ಕಟ್ ಆಗ್ಬಾರ್ದು' ಅಂದು
ಬಿಸಿಲಿಗಿಳಿದಳು.

ಕೆಲಸ ಒಂದು: ಪೂರ್ಣ. ಸಮಯ:
ಅಲ್ಲಿ ಪೆನ್ನು ನಿಂತಿದೆ. ಗಡಿಯಾರ ಓಡುತ್ತಲೇ ಇದೆ.
ಅಣವೀರನ ಗೋಡೆಯ ಕ್ಯಾಲೆಂಡರಿನಲ್ಲಿ
ಮೂವತ್ತನೇ ದಿನವನ್ನು ಹುಡುಕಿದೆ;
ಹತ್ತೊಂಬತ್ತು, ಕೆಂಪು ಅಂಕಿ,
ರವಿವಾರ.